ವಸ್ತುಸಂಗ್ರಹಾಲಯದಲ್ಲಿ ಒಂದು ಚಲನಚಿತ್ರ

ವಸ್ತುಸಂಗ್ರಹಾಲಯವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಶಿಲಾಶಾಸನ, ವೀರಗಲ್ಲು, ತುಕ್ಕು ಹಿಡಿದ ಕತ್ತಿ, ಗಾಜಿನ ಪೆಟ್ಟಿಗೆಯೊಳಗಿನ ನಾಣ್ಯ. ಇವೆಲ್ಲ ತೂಕವುಳ್ಳ ವಸ್ತುಗಳು. ಒಂದೆಡೆ ಇಟ್ಟರೆ ಇಟ್ಟಲ್ಲಿಯೇ ಇರುತ್ತವೆ. ಆದರೆ ಚಲನಚಿತ್ರ ಅಂಥದಲ್ಲ. ದೀಪ ಆರಿದಾಗ ಹುಟ್ಟಿ, ದೀಪ ಹತ್ತಿದಾಗ ಇಲ್ಲವಾಗುವ ನೆರಳು ಅದು. ನೆರಳನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದು ಹೇಗೆ? ಇಟ್ಟರೂ ನೋಡುವುದೇನು? ಈ ಪ್ರಶ್ನೆಗೆ ಪ್ಯಾರಿಸ್ ನಗರದಲ್ಲಿ ನಡೆದ ಒಂದು ಪ್ರದರ್ಶನವು ಒಳ್ಳೆಯ ಉತ್ತರ ಕೊಟ್ಟಿದೆಯೆಂದು ನನ್ನ ನಂಬಿಕೆ. ಆ ಪ್ರದರ್ಶನವನ್ನು ಕಣ್ಣಾರೆ ಕಂಡು ಬಂದವನಂತೆ ಬರೆಯುವ ಧೈರ್ಯ ನನಗಿಲ್ಲ. ಅದರ ಹಿಂದಿನ ಚಿತ್ರದ ಕಥೆಯನ್ನೂ, ಅದು ನಮಗೆ ಕಲಿಸುವುದನ್ನೂ ತಿಳಿದಮಟ್ಟಿಗೆ ಸಹಪಾಠಿಗಳ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಪ್ಯಾರಿಸ್ಸಿನಲ್ಲಿ ಸಿನೆಮಾತೆಕ್ ಫ್ರಾಂಸೇಜ್ ಎಂಬ ಸಂಸ್ಥೆಯೊಂದಿದೆ. ಹಳೆಯ ಚಿತ್ರಗಳನ್ನು ಕಾಪಾಡುವುದಕ್ಕಾಗಿ 1936ರಲ್ಲಿ ಆನ್ರಿ ಲಾಂಗ್ಲುವಾ, ಜಾರ್ಜ್ ಫ್ರಾಂಜು ಮೊದಲಾದ ತರುಣರು ಕಟ್ಟಿದ ಸಂಸ್ಥೆ ಅದು. ಜರ್ಮನರು ಪ್ಯಾರಿಸ್ಸನ್ನು ಹಿಡಿದಿದ್ದ ಕಾಲದಲ್ಲಿ ಲಾಂಗ್ಲುವಾ ಅವರು ಚಿತ್ರಗಳ ಸುರುಳಿಗಳನ್ನು ಅಲ್ಲಲ್ಲಿ ಬಚ್ಚಿಟ್ಟು ಉಳಿಸಿಕೊಂಡರು. ಈ ಸಂಸ್ಥೆಯಲ್ಲಿ 2012ರ ಅಕ್ಟೋಬರ್ ತಿಂಗಳಿನಿಂದ 2013ರ ಜನವರಿಯವರೆಗೆ ಒಂದೇ ಒಂದು ಚಲನಚಿತ್ರವನ್ನು ಕುರಿತ ಪ್ರದರ್ಶನ ಏರ್ಪಟ್ಟಿತ್ತು. ಆ ಚಿತ್ರದ ಹೆಸರು 'ಲೆ ಜಾಂಫಾಂ ದು ಪಾರಾದಿ'. ಕನ್ನಡದಲ್ಲಿ 'ಸ್ವರ್ಗದ ಮಕ್ಕಳು' ಎನ್ನಬಹುದು. ನಿರ್ದೇಶಕರು ಮಾರ್ಸೆಲ್ ಕಾರ್ನೆ. ಕಥೆ ಸಂಭಾಷಣೆಗಳನ್ನು ಬರೆದವರು ಕವಿ ಜಾಕ್ ಪ್ರೆವೆರ್. 1945ರಲ್ಲಿ ಬಿಡುಗಡೆಯಾದ ಈ ಚಿತ್ರದ ಸವೆದ ಪ್ರತಿಯನ್ನು ಪಾಥೆ ಸಂಸ್ಥೆಯವರು ಹೊಸ ತಂತ್ರದಿಂದ ಶುದ್ಧಗೊಳಿಸಿ ಮತ್ತೆ ತೆರೆಗೆ ತಂದ ಸಮಯಕ್ಕೆ ಸರಿಯಾಗಿ ಈ ಪ್ರದರ್ಶನವೂ ನಡೆಯಿತು.

ಮೊದಲು ಹೆಸರಿನ ಅರ್ಥವನ್ನು ನೋಡೋಣ. ಸ್ವರ್ಗವೆಂದರೆ ಇಲ್ಲಿ ದೇವಲೋಕವಲ್ಲ. ಹಿಂದಿನ ಕಾಲದ ಪ್ಯಾರಿಸ್ಸಿನ ನಾಟಕಶಾಲೆಗಳಲ್ಲಿ ಮಾಳಿಗೆಯ ಮೇಲೆ ಮಾಳಿಗೆಯಾಗಿ ಪ್ರೇಕ್ಷಕರ ಸ್ಥಳಗಳಿರುತ್ತಿದ್ದುವು. ಛಾವಣಿಗೆ ತಲೆ ತಾಕುವಂತಿದ್ದ ತುತ್ತತುದಿಯ ಮಾಳಿಗೆಯಲ್ಲಿ ಅತಿ ಕಡಮೆ ಬೆಲೆಯ ಚೀಟಿ. ಕೂಲಿಕಾರರು, ಹೊಲಿಗೆಯ ಹುಡುಗಿಯರು, ಬೀದಿಯ ಪೋರರು ಅಲ್ಲಿ ಒತ್ತೊತ್ತಾಗಿ ಕುಳಿತು ನೋಡುತ್ತಿದ್ದರು. ಆಕಾಶಕ್ಕೆ ಹತ್ತಿರವಾದ್ದರಿಂದ ಅದಕ್ಕೆ ಸ್ವರ್ಗವೆಂದು ಹಾಸ್ಯದ ಹೆಸರು. ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಟಾಕೀಸುಗಳಲ್ಲಿ, ಟೆಂಟುಗಳಲ್ಲಿ ಪರದೆಗೆ ತೀರ ಹತ್ತಿರವಾಗಿ ಬೆಂಚಿನ ಮೇಲೋ ನೆಲದ ಮೇಲೋ ಕೂರುವ ಅಗ್ಗದ ಸ್ಥಳವನ್ನು ಹಿರಿಯರು 'ಗಾಂಧಿ ಕ್ಲಾಸು' ಎಂದು ಕರೆಯುತ್ತಿದ್ದರಷ್ಟೆ. ಅಲ್ಲಿ ಬಡವನ ಸ್ಥಳ ಎಲ್ಲರಿಗಿಂತ ಮೇಲೆ. ಇಲ್ಲಿ ಎಲ್ಲರಿಗಿಂತ ಮುಂದೆ. ಎರಡು ಕಡೆಯೂ ಸಿಳ್ಳೆ, ಚಪ್ಪಾಳೆ, ಬೈಗುಳ ಹೊರಡುತ್ತಿದ್ದುದು ಆ ಸ್ಥಳದಿಂದಲೇ. ನಟನನ್ನು ಎತ್ತಿ ಮೆರೆಸುವವರೂ ಅವರೇ, ಕೆಳಕ್ಕೆ ಎಳೆಯುವವರೂ ಅವರೇ.

ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಪ್ಯಾರಿಸ್ಸಿನ ಬುಲ್ವಾರ್ ದ್ಯು ತಾಂಪ್ಲ್ ಎಂಬ ಬೀದಿಯಲ್ಲಿ. ಸಾಲುಸಾಲಾಗಿ ನಾಟಕಶಾಲೆಗಳು. ಅಲ್ಲಿ ಪ್ರತಿರಾತ್ರಿಯೂ ಕೊಲೆ, ದರೋಡೆ, ವಿಷಪ್ರಯೋಗಗಳ ನಾಟಕಗಳೇ ನಡೆಯುತ್ತಿದ್ದುದರಿಂದ ಜನ ಅದನ್ನು 'ಅಪರಾಧದ ಬೀದಿ' ಎಂದು ಕರೆಯುತ್ತಿದ್ದರು. ಆ ಬೀದಿಯ ಫ್ಯುನಾಂಬ್ಯುಲ್ ಎಂಬ ಚಿಕ್ಕ ನಾಟಕಶಾಲೆಗೆ ಮಾತಿನ ನಾಟಕವಾಡುವ ಅನುಮತಿಯಿರಲಿಲ್ಲ. ಸರ್ಕಾರವು ಮಾತಾಡುವ ಹಕ್ಕನ್ನು ಕೆಲವೇ ದೊಡ್ಡ ನಾಟಕಶಾಲೆಗಳಿಗೆ ಕೊಟ್ಟು, ಉಳಿದವರು ಹಗ್ಗದ ಮೇಲೆ ನಡೆಯಲಿ, ಲಾಗ ಹಾಕಲಿ, ಮೂಕಾಭಿನಯ ಮಾಡಲಿ ಎಂದು ಕಟ್ಟಳೆ ಮಾಡಿತ್ತು. ಈ ಕಟ್ಟಳೆಯ ನಡುವೆಯೇ ಝಾಂ ಗಾಸ್ಪಾರ್ ದೆಬ್ಯುರೊ ಎಂಬ ಮಹಾನಟನು ಬೆಳೆದನು. 1796ರಲ್ಲಿ ಬೊಹೀಮಿಯದ ಕೊಲೀನ್ ಎಂಬ ಊರಿನಲ್ಲಿ ಹುಟ್ಟಿದ ಇವನು ಮುಖಕ್ಕೆ ಬಿಳಿಯ ಬಣ್ಣ ಬಳಿದು, ಸಡಿಲವಾದ ಬಿಳಿಯ ನಿಲುವಂಗಿ ತೊಟ್ಟು, ಒಂದು ಮಾತೂ ಆಡದೆ ಆ ಮೇಲ್ಮಾಳಿಗೆಯವರನ್ನು ನಗಿಸುತ್ತಿದ್ದನು, ಅಳಿಸುತ್ತಿದ್ದನು. ಇವನನ್ನು ಕುರಿತು ಒಂದು ವಿಚಿತ್ರ ಸಂಗತಿಯುಂಟು. 1836ರಲ್ಲಿ ಬೀದಿಯಲ್ಲಿ ತನ್ನನ್ನು ಹಂಗಿಸಿದ ತರುಣನೊಬ್ಬನನ್ನು ಇವನು ಕೈಗೋಲಿನಿಂದ ಹೊಡೆದು, ಅವನು ಸತ್ತುಹೋದನು. ವಿಚಾರಣೆಯ ದಿನ ನ್ಯಾಯಾಲಯದಲ್ಲಿ ಜನ ಕಿಕ್ಕಿರಿದು ಸೇರಿದರು. ಮೂಕನಾಗಿಯೇ ಕಂಡಿದ್ದ ನಟನ ಧ್ವನಿ ಹೇಗಿದೆಯೆಂದು ಕೇಳುವ ಕುತೂಹಲ ಅವರಿಗೆ! ಅವನು ಬಿಡುಗಡೆ ಹೊಂದಿದನು.

ನಟ ಝಾಂ ಲೂಯಿ ಬಾರೋ ಅವರು ಈ ಪ್ರಸಂಗವನ್ನು 1942ರಲ್ಲಿ ನೀಸ್ ನಗರದಲ್ಲಿ ಕಾರ್ನೆ ಮತ್ತು ಪ್ರೆವೆರ್ ಅವರಿಗೆ ಹೇಳಿದರು. ಅದರಿಂದಲೇ ಚಿತ್ರ ಹುಟ್ಟಿತು. ಆ ಕೊಲೆಯ ಪ್ರಸಂಗ ಕೊನೆಗೆ ಚಿತ್ರದಲ್ಲಿ ಉಳಿಯಲಿಲ್ಲ. ಆದರೆ ಮೂಕ ನಟನೂ ಅವನ ಬೀದಿಯೂ ಉಳಿದುವು. ಗರಾಂಸ್ ಎಂಬ ಚೆಲುವೆಯನ್ನು ನಾಲ್ವರು ಪ್ರೀತಿಸುತ್ತಾರೆ. ಒಬ್ಬನು ಮೂಕಾಭಿನಯದ ಬಾತಿಸ್ತ್. ಇವನೇ ದೆಬ್ಯುರೊ, ಪಾತ್ರಧಾರಿ ಸ್ವತಃ ಬಾರೋ. ಇನ್ನೊಬ್ಬನು ಮಾತಿನ ಮಲ್ಲ ಫ್ರೆಡರಿಕ್ ಲೆಮೆತ್ರ್. ಇವನೂ ಇತಿಹಾಸದಲ್ಲಿ ಬಾಳಿದ ನಟನೇ. ಮೂರನೆಯವನು ಲಾಸನೇರ್, 1836ರಲ್ಲಿ ಶಿರಚ್ಛೇದಕ್ಕೆ ಗುರಿಯಾದ ನಿಜವಾದ ಕೊಲೆಗಾರ. ನಾಲ್ಕನೆಯವನು ಒಬ್ಬ ಶ್ರೀಮಂತ ಕೌಂಟ್. ಗರಾಂಸಳ ಪಾತ್ರ ವಹಿಸಿದವರು ಆರ್ಲೆಟಿ.

ಚಿತ್ರದ ಮೊದಲ ಭಾಗದಲ್ಲಿಯೇ ಒಂದು ಸನ್ನಿವೇಶವಿದೆ. ಬೀದಿಯ ಗುಂಪಿನಲ್ಲಿ ಒಬ್ಬ ದಪ್ಪ ಮನುಷ್ಯನ ಗಡಿಯಾರ ಕಳುವಾಗುತ್ತದೆ. ಪಕ್ಕದಲ್ಲಿದ್ದ ಗರಾಂಸಳೇ ಕದ್ದಳೆಂದು ಅವನು ಕೂಗಾಡುತ್ತಾನೆ, ಪೋಲೀಸಿನವನು ಬರುತ್ತಾನೆ. ನಾಟಕಶಾಲೆಯ ಬಾಗಿಲ ಬಳಿಯ ಮಂಚಿಕೆಯ ಮೇಲೆ ಪೆದ್ದನಂತೆ ಕುಳಿತಿದ್ದ ಬಾತಿಸ್ತನು ಎಲ್ಲವನ್ನೂ ನೋಡಿರುತ್ತಾನೆ. ಅವನು ಎದ್ದು ನಿಂತು ದಪ್ಪ ಮನುಷ್ಯನ ಹೊಟ್ಟೆಯನ್ನೂ, ಗರಾಂಸಳ ನಿಲುವನ್ನೂ, ನಿಜವಾದ ಕಳ್ಳನ ಕೈಚಳಕವನ್ನೂ ಒಂದೊಂದಾಗಿ ಅಭಿನಯಿಸಿ ತೋರಿಸುತ್ತಾನೆ. ಗುಂಪು ನಗುತ್ತದೆ, ನಿರಪರಾಧಿ ಪಾರಾಗುತ್ತಾಳೆ. ಮಾತಿಲ್ಲದವನು ಸಾಕ್ಷಿ ನುಡಿದನು! ಇಡೀ ಚಿತ್ರದ ಬೀಜ ಇದರಲ್ಲಿದೆಯೆಂದು ನನಗೆ ತೋರುತ್ತದೆ. ಪ್ರದರ್ಶನದ ಬೀಜವೂ ಇದರಲ್ಲಿದೆ. ಏಕೆಂಬುದನ್ನು ತಿಳಿಯಬೇಕಾದರೆ ಚಿತ್ರ ತಯಾರಾದ ಕಾಲವನ್ನು ನೋಡಬೇಕು.

1940ರಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಿತು. ಉತ್ತರದಲ್ಲಿ ಜರ್ಮನರ ಆಡಳಿತ. ದಕ್ಷಿಣದಲ್ಲಿ ಅವರಿಗೆ ತಲೆಬಾಗಿದ ವಿಶಿ ಸರ್ಕಾರ. ಅದೇ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ವಿಶಿ ಸರ್ಕಾರವು ಯೆಹೂದ್ಯರನ್ನು ಅನೇಕ ವೃತ್ತಿಗಳಿಂದ ಹೊರಹಾಕುವ ಶಾಸನ ಮಾಡಿತು, ಚಲನಚಿತ್ರವೂ ಅವುಗಳಲ್ಲೊಂದು. ಕಾರ್ನೆಯವರ ಹಿಂದಿನ ಚಿತ್ರಗಳಿಗೆ ರಂಗಸಜ್ಜು ರೂಪಿಸಿದ್ದ ಅಲೆಕ್ಸಾಂದ್ರ್ ತ್ರೌನರ್ ಹಂಗೆರಿಯಲ್ಲಿ ಹುಟ್ಟಿದ ಯೆಹೂದ್ಯರು. ಸಂಗೀತಗಾರ ಜೋಸೆಫ್ ಕೋಸ್ಮಾ ಅವರೂ ಹಾಗೆಯೇ. ಸಿಕ್ಕಿಬಿದ್ದರೆ ಸೆರೆ, ಗಡೀಪಾರು, ಮರಣ. ಇಂಥ ಸಮಯದಲ್ಲಿ ಅವರಿಬ್ಬರೂ ದಕ್ಷಿಣ ಫ್ರಾನ್ಸಿನ ಬೆಟ್ಟದ ಸೀಮೆಯಲ್ಲಿ ಮರೆಯಾಗಿದ್ದುಕೊಂಡೇ ಈ ಚಿತ್ರಕ್ಕಾಗಿ ಕೆಲಸ ಮಾಡಿದರು. ತ್ರೌನರ್ ಬೀದಿಯನ್ನು ಚಿತ್ರಿಸಿದರು. ಅದನ್ನು ಕಟ್ಟಿಸಿದವರು, ಹೆಸರು ಕೊಟ್ಟು ಮುಂದೆ ನಿಂತವರು ಲೆಯೋಂ ಬರ್ಸಾಕ್ ಮೊದಲಾದವರು. ಕೋಸ್ಮಾ ಮೂಕಾಭಿನಯದ ಸಂಗೀತ ರಚಿಸಿದರು. ಮುಂದೆ ನಿಂತವರು ಮೋರಿಸ್ ತಿರಿಯೆ. ಇನ್ನೊಬ್ಬರ ಮರಣದಂಡನೆಯಂಥ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಇಡೀ ತಂಡ ದುಡಿಯಿತು.

ಚಿತ್ರೀಕರಣವು 1943ರ ಆಗಸ್ಟಿನಲ್ಲಿ ನೀಸ್ ನಗರದ ವಿಕ್ಟೊರೀನ್ ಸ್ಟುಡಿಯೋದಲ್ಲಿ ಆರಂಭವಾಯಿತು. ಮರ, ಗಾರೆ, ಬಟ್ಟೆ, ಫಿಲ್ಮು ಎಲ್ಲಕ್ಕೂ ಬರಗಾಲ. ಆದರೂ ಅಪರಾಧದ ಬೀದಿ ಮತ್ತೆ ಎದ್ದು ನಿಂತಿತು. ಅಷ್ಟರಲ್ಲಿ ಇಟಲಿ ಯುದ್ಧದಿಂದ ಹಿಂದೆಗೆಯಿತು, ಕೆಲಸ ನಿಂತಿತು, ತಂಡ ಪ್ಯಾರಿಸ್ಸಿಗೆ ಮರಳಬೇಕಾಯಿತು. ಮೊದಲಿನ ನಿರ್ಮಾಪಕರನ್ನು ಅಧಿಕಾರಿಗಳು ದೂರಮಾಡಿದರು. ಪಾಥೆ ಸಂಸ್ಥೆ ಹೊಣೆ ಹೊತ್ತಿತು. ಮತ್ತೆ ನೀಸ್‌ಗೆ ಬರುವ ವೇಳೆಗೆ ಬಿರುಗಾಳಿಗೆ ಸಿಕ್ಕಿ ಬೀದಿ ಹಾಳಾಗಿತ್ತು. ಅದನ್ನು ಮತ್ತೆ ದುರಸ್ತಿಮಾಡಿದರು. ಔತಣದ ದೃಶ್ಯಕ್ಕೆಂದು ತಂದಿರಿಸಿದ ತಿಂಡಿಯನ್ನು ಹಸಿದ ಸಹನಟರು ಚಿತ್ರೀಕರಣಕ್ಕೆ ಮೊದಲೇ ತಿಂದುಬಿಡುತ್ತಿದ್ದರೆಂದು ಹೇಳುತ್ತಾರೆ. ಒಂದು ಚಿತ್ರ ತೊಂಬತ್ತು ನಿಮಿಷಗಳನ್ನು ಮೀರಬಾರದೆಂಬ ಆಗಿನ ಕಟ್ಟಳೆಗೆ ಉಪಾಯವಾಗಿ ಮೂರು ಗಂಟೆಗೂ ಮೀರಿದ ಈ ಚಿತ್ರವನ್ನು ಎರಡು ಭಾಗಗಳೆಂದು ಲೆಕ್ಕ ತೋರಿಸಿದರು. ಮೇಲಾಗಿ, ಬಿಡುಗಡೆಯ ದಿನ ದೂರವಿಲ್ಲವೆಂದು ಕಂಡಾಗ, ಕಾರ್ನೆಯವರು ಬೇಕೆಂದೇ ಕೆಲಸವನ್ನು ತಡಮಾಡಿದರು. ಸ್ವತಂತ್ರ ಫ್ರಾನ್ಸಿನಲ್ಲಿಯೇ ತಮ್ಮ ಚಿತ್ರ ಮೊದಲು ಕಾಣಿಸಬೇಕೆಂಬುದು ಅವರ ಹಂಬಲ.

ಹಾಗೆಯೇ ಆಯಿತು. 1944ರ ಆಗಸ್ಟಿನಲ್ಲಿ ಪ್ಯಾರಿಸ್ ಬಿಡುಗಡೆ ಹೊಂದಿತು. 1945ರ ಮಾರ್ಚ್ 9ರಂದು ಷಾಯೋ ಅರಮನೆಯಲ್ಲಿ ಚಿತ್ರದ ಮೊದಲ ಪ್ರದರ್ಶನ ನಡೆಯಿತು. ಹೆಸರುಗಳ ಪಟ್ಟಿ ತೆರೆಯ ಮೇಲೆ ಬಂದಾಗ ಅದರಲ್ಲಿ ತ್ರೌನರ್ ಮತ್ತು ಕೋಸ್ಮಾ ಅವರ ಹೆಸರುಗಳಿದ್ದುವು. ಅವರು ಮರೆಯಲ್ಲಿದ್ದುಕೊಂಡು ಸಹಕರಿಸಿದರೆಂದು ಸ್ಪಷ್ಟವಾಗಿ ಬರೆದಿತ್ತು. ಜಗತ್ತಿನ ಚಿತ್ರಗಳಲ್ಲಿ ಇಂಥ ಸಾಲು ಅಪರೂಪ. ನಾವು ಸಾಮಾನ್ಯವಾಗಿ ಹೆಸರುಗಳ ಪಟ್ಟಿ ಬರುವಾಗ ಕಡಲೇಕಾಯಿ ಸುಲಿಯುತ್ತ ಕೂತಿರುತ್ತೇವೆ. ಇಲ್ಲಿ ಆ ಒಂದು ಸಾಲನ್ನು ತೆರೆಯ ಮೇಲೆ ತರಲು ಒಂದು ರಾಷ್ಟ್ರದ ಬಿಡುಗಡೆಯೇ ಬೇಕಾಯಿತು.

ಆದರೆ ಕಥೆಯ ಇನ್ನೊಂದು ಮುಖವನ್ನು ಮರೆಮಾಚುವುದು ಸರಿಯಲ್ಲ. ಚಿಂದಿ ವ್ಯಾಪಾರಿಯ ಪಾತ್ರಕ್ಕೆ ಆರಿಸಿದ್ದ ರೊಬೇರ್ ಲೆ ವಿಗಾಂ ಜರ್ಮನರ ಪಕ್ಷಪಾತಿ. ಮಿತ್ರಸೈನ್ಯ ಸಮೀಪಿಸಿದಾಗ ಅವರು ಜರ್ಮನಿಗೆ ಓಡಿಹೋದರು. ಅವರ ದೃಶ್ಯಗಳನ್ನು ಪಿಯೇರ್ ರೆನ್ವಾರ್ ಅವರಿಂದ ಮತ್ತೆ ಮಾಡಿಸಬೇಕಾಯಿತು. ನಾಯಕಿ ಆರ್ಲೆಟಿಯವರು ಜರ್ಮನ್ ಅಧಿಕಾರಿಯೊಬ್ಬರನ್ನು ಪ್ರೀತಿಸಿದ ಕಾರಣಕ್ಕಾಗಿ ಬಿಡುಗಡೆಯ ತರುವಾಯ ಬಂಧನಕ್ಕೊಳಗಾದರು. ತಮ್ಮ ಜೀವನದ ಅತ್ಯುತ್ತಮ ಚಿತ್ರದ ಮೊದಲ ಪ್ರದರ್ಶನಕ್ಕೆ ಅವರು ಬರುವಂತಿರಲಿಲ್ಲ. ಪ್ರಾಣ ಉಳಿಸಿಕೊಳ್ಳಲು ಅಡಗಿದವರು, ಶತ್ರುವಿನೊಡನೆ ಸೇರಿದವರು, ನಡುವೆ ಹೇಗೋ ಬಾಳಿದವರು, ಎಲ್ಲರ ಕೈಯೂ ಒಂದೇ ಚಿತ್ರದಲ್ಲಿದೆ. ತೆರೆಯ ಮೇಲೆ ನೋಡುವಾಗ ಇದೊಂದೂ ಕಾಣದು, ಕಾಣಬಾರದು ಕೂಡ. ಕಥೆಯಲ್ಲಿ ನಮ್ಮನ್ನು ಮುಳುಗಿಸುವುದೇ ಚಿತ್ರದ ಧರ್ಮ.

ಪ್ರದರ್ಶನದ ಉಪಯೋಗ ಇಲ್ಲಿಯೇ. ಸಿನೆಮಾತೆಕ್ಕಿನ ಕೋಣೆಗಳಲ್ಲಿ ತ್ರೌನರ್ ಬಿಡಿಸಿದ ಬೀದಿಯ ವರ್ಣಚಿತ್ರಗಳಿದ್ದುವು. ಪ್ರೆವೆರ್ ಅವರು ಕಥೆಯ ಹಂದರವನ್ನು ಕಟ್ಟುತ್ತ, ಅಂಚಿನಲ್ಲೆಲ್ಲ ಬಣ್ಣಬಣ್ಣದ ಚಿತ್ರ ಬಿಡಿಸಿಟ್ಟ ದೊಡ್ಡ ಹಾಳೆಗಳಿದ್ದುವು. ಮಾಯೋ ಎಂಬ ಕಲಾವಿದರು ಉಡುಪುಗಳಿಗಾಗಿ ಬರೆದ ಚಿತ್ರಗಳು, ಚಿತ್ರೀಕರಣದ ಛಾಯಾಚಿತ್ರಗಳು, ಭಿತ್ತಿಪತ್ರಗಳು ಇದ್ದುವು. ಇವು ತಾವಾಗಿ ಮಾತಾಡುವುದಿಲ್ಲ. ಆದರೆ ಬಾತಿಸ್ತನಂತೆ ನಡೆದುದನ್ನು ತೋರಿಸುತ್ತವೆ. ಅಡಗಿದ್ದ ಮನುಷ್ಯನ ಕುಂಚದಿಂದ ಬಂದ ಒಂದು ಕಾಗದದ ಮುಂದೆ ನಿಂತವನು, ತೆರೆಯ ಮೇಲೆ ಮೆರೆಯುವ ಬೀದಿಯೆಲ್ಲ ಮೊದಲು ಒಂದು ಕೋಣೆಯ ಮೇಜಿನ ಮೇಲೆ ಭಯದ ನಡುವೆ ಹುಟ್ಟಿತೆಂದು ಅರಿಯುತ್ತಾನೆ. ಅದನ್ನು ಅರಿತ ಮೇಲೆ ಚಿತ್ರದ ಆ ಗುಂಪು, ಆ ಗದ್ದಲ, ಆ ಸಡಗರಗಳನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಈ ಬೀದಿಯನ್ನು ಕುರಿತು ಇನ್ನೊಂದು ಮಾತು. 1838ರಲ್ಲಿ, ಎಂದರೆ ದೆಬ್ಯುರೊ ಇನ್ನೂ ಬದುಕಿದ್ದಾಗಲೇ, ಛಾಯಾಚಿತ್ರದ ಜನಕರಲ್ಲೊಬ್ಬನಾದ ದಾಗೆರ್ ಇದೇ ಬುಲ್ವಾರ್ ದ್ಯು ತಾಂಪ್ಲಿನ ಚಿತ್ರವನ್ನು ತೆಗೆದನು. ಜನಜಂಗುಳಿಯಿಂದ ತುಂಬಿದ ಬೀದಿ ಚಿತ್ರದಲ್ಲಿ ಬಿಕೋ ಎನ್ನುತ್ತದೆ. ಫಲಕದ ಮೇಲೆ ಬಿಂಬ ಮೂಡಲು ಹಲವು ನಿಮಿಷಗಳು ಬೇಕಾಗಿದ್ದುದರಿಂದ ನಡೆಯುತ್ತಿದ್ದವರಾರೂ ಅದರಲ್ಲಿ ನಿಲ್ಲಲಿಲ್ಲ. ಮೂಲೆಯಲ್ಲಿ ಬೂಟಿಗೆ ಬಣ್ಣ ಹಾಕಿಸಿಕೊಳ್ಳುತ್ತ ಅಲುಗಾಡದೆ ನಿಂತಿದ್ದ ಒಬ್ಬ ಮನುಷ್ಯ ಮಾತ್ರ ಉಳಿದನು. ಮನುಷ್ಯಾಕೃತಿಯುಳ್ಳ ಅತ್ಯಂತ ಹಳೆಯ ಛಾಯಾಚಿತ್ರವೆಂದು ಅದನ್ನು ಹೇಳುತ್ತಾರೆ. ನಿಂತವನು ಉಳಿದನು, ದುಡಿಮೆಗಾಗಿ ಓಡಾಡುತ್ತಿದ್ದವರೆಲ್ಲ ಮಾಯವಾದರು. 1862ರಲ್ಲಿ ಪ್ಯಾರಿಸ್ಸಿನ ರಸ್ತೆಗಳನ್ನು ಅಗಲ ಮಾಡಿಸುತ್ತಿದ್ದ ಓಸ್‌ಮಾನ್ ಎಂಬ ಆಡಳಿತಗಾರನು ಆ ನಾಟಕಶಾಲೆಗಳನ್ನೂ ಕೆಡವಿಸಿದನು. ದಾಗೆರನ ಫಲಕ ಹಿಡಿಯಲಾರದೆಹೋದ ಆ ಜನರನ್ನೇ ತ್ರೌನರ್, ಕಾರ್ನೆ, ಪ್ರೆವೆರ್ ಮತ್ತೆ ಬೀದಿಗೆ ಕರೆತಂದರು. ಚಿತ್ರದ ಕೊನೆಯಲ್ಲಿ ಜಾತ್ರೆಯ ಗುಂಪು ಬಾತಿಸ್ತನನ್ನೇ ನುಂಗಿಬಿಡುತ್ತದೆ. ಗರಾಂಸಳ ಗಾಡಿ ದೂರವಾಗುತ್ತದೆ. ಕಡೆಗೆ ಗೆಲ್ಲುವುದು ಗುಂಪೇ.

ಚಿತ್ರದ ಪ್ರಭಾವವು ಸಿನಿಮಾದ ಎಲ್ಲೆಯೊಳಗೇ ನಿಲ್ಲಲಿಲ್ಲ. ಪ್ಯಾರಿಸ್ಸಿನಲ್ಲಿ ಅದು ಒಂದು ವರ್ಷಕ್ಕೂ ಮಿಕ್ಕಿ ಓಡಿತು. ಬಾರೋ ಅವರು 1946ರಲ್ಲಿ ತಮ್ಮದೇ ನಾಟಕ ಮಂಡಲಿಯಲ್ಲಿ 'ಬಾತಿಸ್ತ್' ಎಂಬ ಮೂಕಾಭಿನಯವನ್ನು ರಂಗಕ್ಕೆ ತಂದಾಗ, ಅದರಲ್ಲಿ ವಿದೂಷಕನ ಪಾತ್ರ ವಹಿಸಿದ ತರುಣ ಮಾರ್ಸೆಲ್ ಮಾರ್ಸೊ. ಮುಂದೆ ಬಿಳಿಯ ಮುಖದ ಬಿಪ್ ಎಂಬ ಪಾತ್ರವನ್ನು ಸೃಷ್ಟಿಸಿ ಮೂಕಾಭಿನಯವೆಂಬ ಕಲೆಯನ್ನು ಜಗತ್ತಿಗೆಲ್ಲ ಪರಿಚಯಿಸಿದವರು ಇವರೇ. 1995ರಲ್ಲಿ ಫ್ರಾನ್ಸಿನ ವಿಮರ್ಶಕರೂ ಚಿತ್ರರಂಗದವರೂ ಮತ ಕೊಟ್ಟು ಇದನ್ನು ಶ್ರೇಷ್ಠ ಫ್ರೆಂಚ್ ಚಿತ್ರವೆಂದು ಆರಿಸಿದರು. 2008ರಲ್ಲಿ ಪ್ಯಾರಿಸ್ಸಿನ ಆಪೆರಾದಲ್ಲಿ ಹೋಸೆ ಮಾರ್ಟಿನೆಜ್ ಇದನ್ನು ನೃತ್ಯನಾಟಕವಾಗಿ ರೂಪಿಸಿದರು. ರಂಗದಿಂದ ತೆರೆಗೆ ಬಂದ ಕಥೆ ತೆರೆಯಿಂದ ಮತ್ತೆ ರಂಗಕ್ಕೆ ಹೋಯಿತು.

ವಸ್ತುಸಂಗ್ರಹಾಲಯವನ್ನು ಹೊಕ್ಕ ಕಲೆ ಸತ್ತಂತೆಯೇ ಎಂದು ಆಕ್ಷೇಪಿಸುವವರುಂಟು. ಸಿಳ್ಳೆ ಹೊಡೆಯುವ ಜನರ ನಡುವೆ ಬೆಳೆದ ಚಿತ್ರವನ್ನು ತಂಪಾದ ಕೋಣೆಯಲ್ಲಿ, ಪಿಸುಮಾತಿನ ನಡುವೆ, ಕೈ ಕಟ್ಟಿಕೊಂಡು ನೋಡುವುದು ಮೇಲ್ಮಾಳಿಗೆಯ ಮಕ್ಕಳಿಗೆ ಮಾಡುವ ಅಪಚಾರವಲ್ಲವೇ ಎಂದು ಅವರು ಕೇಳಬಹುದು. ಈ ಆಕ್ಷೇಪದಲ್ಲಿ ಹುರುಳಿದೆ. ಚಿತ್ರವನ್ನು ತೆರೆಯ ಮೇಲೆ ನೋಡದೆ ಕೇವಲ ಗಾಜಿನ ಪೆಟ್ಟಿಗೆಗಳನ್ನು ನೋಡಿ ಬರುವವನು ಊಟ ಮಾಡದೆ ಪಾತ್ರೆಗಳನ್ನು ಎಣಿಸಿ ಬಂದವನು. ಆದರೆ ಪ್ಯಾರಿಸ್ಸಿನವರು ಎರಡನ್ನೂ ಒಟ್ಟಿಗೆ ಮಾಡಿದರೆಂಬುದನ್ನು ಗಮನಿಸಬೇಕು. ಶುದ್ಧವಾದ ಪ್ರತಿಯನ್ನು ತೆರೆಗೆ ಕೊಟ್ಟರು. ಅದರ ಹಿಂದಿದ್ದ ಕೈಗಳನ್ನು ಕೋಣೆಗಳಲ್ಲಿ ತೋರಿಸಿದರು.

ಈ ಪ್ರಸಂಗವನ್ನು ಓದುವ ಕನ್ನಡಿಗನಿಗೆ ತನ್ನ ಮನೆಯ ನೆನಪಾಗದೆ ಇರದು. ನಮ್ಮ ಮೊದಲನೆಯ ಮಾತಿನ ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಗೆ ಬಂದಿತು. ಅದರ ಪ್ರತಿ ಇಂದು ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪಿತವಾದುದು 1964ರಲ್ಲಿ. ಅಷ್ಟರಲ್ಲಿ ಮೂವತ್ತು ವರ್ಷಗಳು ಕಳೆದಿದ್ದುವು. ಶತ್ರುಗಳ ಕಾವಲಿನ ನಡುವೆ ಅಲ್ಲಿಯವರು ಸುರುಳಿಗಳನ್ನು ಬಚ್ಚಿಟ್ಟು ಕಾಪಾಡಿದರು. ಯಾವ ಶತ್ರುವೂ ಇಲ್ಲದೆ ನಾವು ಕಳೆದುಕೊಂಡೆವು. ಹೋದುದು ಹೋಯಿತು. ಆದರೆ ಊರೂರಿನ ಟಾಕೀಸುಗಳು ಬಾಗಿಲು ಹಾಕುತ್ತಿರುವ ಈ ಕಾಲದಲ್ಲಿಯೂ ಉಳಿಸಬಹುದಾದುದು ಎಷ್ಟೋ ಇದೆ. ಪರದೆ ಬರೆದವರ, ಪೋಸ್ಟರು ಅಂಟಿಸಿದವರ, ಪ್ರೊಜೆಕ್ಟರು ನಡೆಸಿದವರ, ಗೇಟಿನಲ್ಲಿ ಚೀಟಿ ಹರಿದವರ ಹೆಸರುಗಳು ಇನ್ನೂ ನಮ್ಮ ಅಜ್ಜಂದಿರ ಬಾಯಲ್ಲಿವೆ. ಅಟ್ಟದ ಮೇಲೆ ಹಾಡಿನ ಪುಸ್ತಕಗಳಿವೆ, ಹಳೆಯ ಕರಪತ್ರಗಳಿವೆ. ರಜೆಯಲ್ಲಿ ಊರಿಗೆ ಹೋದಾಗ ನಾವು ಒಬ್ಬೊಬ್ಬರೂ ಒಂದೊಂದು ಹೆಸರನ್ನು ಕೇಳಿ ಬರೆದಿಟ್ಟರೂ ಸಾಕು. ಇದಕ್ಕೆ ದೊಡ್ಡ ಹಣ ಬೇಕಾಗಿಲ್ಲ, ಸರ್ಕಾರದ ಅಪ್ಪಣೆಯೂ ಬೇಕಾಗಿಲ್ಲ.

ತ್ರೌನರ್ ಮತ್ತು ಕೋಸ್ಮಾ ಅವರ ಹೆಸರು ತೆರೆಯ ಮೇಲೆ ಬಂದುದು ಯಾರೋ ಅದನ್ನು ಮರೆಯದೆ ಬರೆದದ್ದರಿಂದ. ನಮ್ಮ ಗಾಂಧಿ ಕ್ಲಾಸಿನವರಿಗೂ, ಪರದೆಯ ಹಿಂದಿನವರಿಗೂ ಆ ಒಂದು ಸಾಲು ಸಲ್ಲಬೇಕು. ಅದನ್ನು ಬರೆಯಬೇಕಾದವರು ನಾವು.